ಕಂಪನಿಯದ್ದೇ ಪಾರ್ಟು, ಆದರೂ ಔಟ್ ಯಾಕೆ?

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಒಂದೇ ತಕರಾರು. ಡ್ರ್ಯಾಗ್ ರೇಸಿನ (ನೇರ ದಾರಿಯಲ್ಲಿ ಇಬ್ಬಿಬ್ಬರು ಓಡಿಸುವ ವೇಗದ ಪಂದ್ಯ) ಸ್ಟಾಕ್ ಕ್ಲಾಸಿನಲ್ಲಿ, ಅಂದರೆ ಕಾರ್ಖಾನೆಯಿಂದ ಬಂದ ಹಾಗೆ ಇರಬೇಕಾದ ಗಾಡಿಗಳ ವಿಭಾಗದಲ್ಲಿ ಓಡುವ ಗಾಡಿಗೆ ಎಂತ ಹಾಕಬಹುದು, ಎಂತ ಹಾಕಬಾರದು ಅಂತ. ಎಲ್ಲವೂ ಕಾಸರಗೋಡು ಕಡೆಯಿಂದಲೇ. ಅಲ್ಲಿ ಯಾವುದೋ ಒಂದು ರೇಸು ಜಗಳದಲ್ಲಿ ಮುಗಿದಿರಬೇಕು ಅಂತ ನನ್ನ ಅನುಮಾನ. ಮೈಲೇಜು, ಬ್ಯಾಟರಿ ಪ್ರಶ್ನೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆ ತನಕ ತಾಳಿಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಕಡೆ ಒಂದು ಖಾಸಗಿ ಜಾಗದಲ್ಲಿ ಹುಡುಗರು ಸೇರಿ ಡ್ರ್ಯಾಗ್ ಇಟ್ಟಿದ್ದರು. ಸ್ಟಾಕ್ ಕ್ಲಾಸಿನಲ್ಲಿ ನನ್ನ ರಾಜ್‌ದೂತ್ ಆರ್‌ಡಿ 350 ಬೈಕು ಗೆದ್ದಿತು. ಕಪ್ ಕೈಗೆ ಬರುವ ಮೊದಲೇ ಒಬ್ಬರು ಆಕ್ಷೇಪ ಎತ್ತಿದರು. ಗಾಡಿ ಎಲ್‌ಟಿ, ಬ್ಯಾರೆಲ್ಲು-ಸೈಲೆನ್ಸರ್ ಎಚ್‌ಟಿಯದ್ದು, ಮುಂದಿನ ಬ್ರೇಕು ಡಿಸ್ಕು, ಇದು ಸ್ಟಾಕ್ ಅಲ್ಲ ಅಂತ. ನನ್ನನ್ನು ಔಟ್ ಮಾಡಿದರು. ಹಾಕಿದ್ದೆಲ್ಲ ಯಮಹಾ ಕಂಪನಿಯದ್ದೇ ಪಾರ್ಟು, ಲೋಕಲ್ ಮಾಲು ಒಂದೂ ಇಲ್ಲ. ಇದು ಅನ್ಯಾಯ ಅಲ್ವಾ? — ಓದುಗ, ಬದಿಯಡ್ಕ

ಉತ್ತರ: ಅರ್ಧ ಅನ್ಯಾಯ, ಅರ್ಧ ನ್ಯಾಯ ಮಾರಾಯ್ರೇ. ಮೊದಲು ಸುಲಭದ್ದು ಮುಗಿಸೋಣ. ಡಿಸ್ಕ್ ಬ್ರೇಕು ಯಾವ ಲೆಕ್ಕದಲ್ಲೂ ನಿಲ್ಲುವುದಿಲ್ಲ. ಯಮಹಾ ಜಪಾನಿನಲ್ಲಿ ಮಾಡಿದ ಆರ್‌ಡಿ 350ಗೆ 1973ರಲ್ಲೇ ಮುಂದೆ ಡಿಸ್ಕ್ ಇತ್ತು, ನಿಜ. ಆದರೆ 1983ರಿಂದ ಎಸ್ಕಾರ್ಟ್ಸ್ ಕಂಪನಿಯವರು ಇಲ್ಲಿ ರಾಜ್‌ದೂತ್ ಹೆಸರಿನಲ್ಲಿ ಮಾಡಿ ಮಾರಿದ ಗಾಡಿ ಬಂದದ್ದು ಡ್ರಮ್ ಬ್ರೇಕಿನಲ್ಲಿ. ಯಮಹಾ ಅದನ್ನು ಎಲ್ಲೋ ಮಾಡಿತ್ತು ಅನ್ನುವುದು ಬೇರೆ, ನಿಮ್ಮ ಮಾಡೆಲಿಗೆ ಕಾರ್ಖಾನೆ ಹಾಕಿ ಕಳಿಸಿತ್ತಾ ಅನ್ನುವುದು ಬೇರೆ. ಸ್ಟಾಕ್ ಕ್ಲಾಸಿನವರು ಕೇಳುವುದು ಎರಡನೆಯದನ್ನು ಮಾತ್ರ. ಪಾರ್ಟಿನ ಮೇಲೆ ಕಂಪನಿಯ ಮುದ್ರೆ ಇದ್ದರೆ ಸಾಕು ಅಂತಿದ್ದರೆ ಒಂದೇ ಕಂಪನಿಯ ಹತ್ತು ಗಾಡಿಯಿಂದ ಬೇಕಾದ್ದು ಬಿಚ್ಚಿ ಒಂದಕ್ಕೆ ಹಾಕಬಹುದಿತ್ತು. ಆಗ ಕ್ಲಾಸು ಯಾಕೆ, ಅಲ್ವಾ?

ಎಚ್‌ಟಿ-ಎಲ್‌ಟಿ ವಿಷಯ ಹಾಗಲ್ಲ. ಅದು ನಿಜವಾದ ಜಗಳ. ಎಚ್‌ಟಿ ಅಂದರೆ ಹೈ ಟಾರ್ಕ್, 30.5 ಬಿಎಚ್‌ಪಿ. ಎಲ್‌ಟಿ ಅಂದರೆ ಲೋ ಟಾರ್ಕ್, ಆಮೇಲೆ ಬಂದದ್ದು, 27 ಬಿಎಚ್‌ಪಿ. ಎರಡೂ ಅದೇ 347 ಸಿಸಿ, ಅದೇ ಹೆಸರು, ಅದೇ ಕಾರ್ಖಾನೆ. ಈಗ ನೀವು ಗಾಡಿಯನ್ನು ಪೂರ್ತಿ ಎಚ್‌ಟಿ ಮಾಡಿ, ಎಚ್‌ಟಿ ಅಂತಲೇ ಎಂಟ್ರಿ ಬರೆಸಿದ್ದರೆ? ಅದಕ್ಕೆ ಉತ್ತರ ನಿಮ್ಮ ಸಂಘಟಕರ ನಿಯಮದಲ್ಲಿ ಇರಬೇಕಿತ್ತು. ‘ಈ ಗಾಡಿ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ ಇರಬೇಕು’ ಅಂತ ಒಂದು ನಿಯಮ ಆಗಬಹುದು. ‘ಈ ಮಾಡೆಲ್ ಕಾರ್ಖಾನೆಯಿಂದ ಹೇಗೆ ಬರುತ್ತಿತ್ತೋ ಹಾಗೆ ಇರಬೇಕು’ ಅಂತ ಇನ್ನೊಂದು ಆಗಬಹುದು. ಕೇಳಲಿಕ್ಕೆ ಒಂದೇ ಥರ ಇದೆ. ಆದರೆ ಮೊದಲನೆಯದರಲ್ಲಿ ನೀವು ಔಟ್, ಎರಡನೆಯದರಲ್ಲಿ ಡಿಸ್ಕ್ ತೆಗೆದು ಡ್ರಮ್ ಹಾಕಿದ್ದರೆ ಕಪ್ ನಿಮ್ಮದೇ. ನೀವು ಪತ್ರದ ಜೊತೆ ಕಳಿಸಿದ ನಿಯಮದ ಹಾಳೆಯಲ್ಲಿ ಬರೀ ‘ಸ್ಟಾಕ್ ಕಂಡೀಶನ್’ ಅಂತ ಎರಡು ಶಬ್ದ ಇದೆ. ಅಷ್ಟನ್ನು ಹಿಡಿದುಕೊಂಡು ಯಾರನ್ನಾದರೂ ಗೆಲ್ಲಿಸಬಹುದು, ಯಾರನ್ನಾದರೂ ಔಟ್ ಮಾಡಬಹುದು.

ಪ್ರಶ್ನೆ: ಯೂಟ್ಯೂಬಿನಲ್ಲಿ ಅಮೆರಿಕದ ಸ್ಟಾಕ್ ಎಲಿಮಿನೇಟರ್ (ಅಲ್ಲಿಯ ಸ್ಟಾಕ್ ಕಾರುಗಳ ಡ್ರ್ಯಾಗ್) ರೇಸು ನೋಡುತ್ತೇನೆ. ಮುಂದಿನ ಚಕ್ರ ಎತ್ತಿಕೊಂಡು ಓಡುತ್ತವೆ. ಇದಕ್ಕೆ ಸ್ಟಾಕ್ ಅಂತಾರೆ! ಒಂದು ವಿಡಿಯೋದಲ್ಲಿ 1969ರ ಝಡ್‌ಎಲ್1 ಕಮಾರೊ ಒಟ್ಟು 69 ಮಾತ್ರ ಮಾಡಿದ್ದು ಅಂತ ಹೇಳಿದರು. ಅಷ್ಟು ಕಡಿಮೆ ಮಾಡಿದ್ದು ‘ಕಾರ್ಖಾನೆ ಆಪ್ಶನ್’ ಹೇಗಾಗುತ್ತದೆ? — ಓದುಗ, ಕುಂಬಳೆ

ಉತ್ತರ: ನಿಮ್ಮ ಸಂಶಯವೇ ಅಲ್ಲಿಯೂ ಅರವತ್ತರ ದಶಕದಿಂದ ಇರುವ ಜಗಳ. ಅಲ್ಲಿ ಈ ರೇಸು ನಡೆಸುವ ದೊಡ್ಡ ಸಂಸ್ಥೆ ಎನ್‌ಎಚ್‌ಆರ್‌ಎ, 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ್ದು. ಅವರದ್ದೊಂದು ವರ್ಗೀಕರಣ ಪಟ್ಟಿ ಉಂಟು. ಯಾವ ವರ್ಷದ ಯಾವ ಮಾಡೆಲಿಗೆ ಯಾವ ಎಂಜಿನ್, ಯಾವ ಕಾರ್ಬ್ಯುರೇಟರ್, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಅಂತ ಸಾಲು ಸಾಲು ಬರೆದಿಟ್ಟಿದ್ದಾರೆ. ನಿಮ್ಮ ಗಾಡಿ ಆ ಪಟ್ಟಿಯಲ್ಲಿ ಇರುವ ಒಂದು ಸಾಲಿಗೆ ಸರಿಯಾಗಿ ಕೂರಬೇಕು. ಅಜ್ಜ ಇಂಥದ್ದೇ ಕಾರು ಶೋರೂಮಿನಿಂದ ತಂದಿದ್ದರು ಅನ್ನುವ ಕಥೆಗೆಲ್ಲ ಅಲ್ಲಿ ಬೆಲೆ ಇಲ್ಲ.

ಆ ಪಟ್ಟಿಗೆ ಹತ್ತಲಿಕ್ಕೆ ಕಂಪನಿ ಇಂತಿಷ್ಟು ಗಾಡಿ ಮಾಡಿರಬೇಕು. ಆ ಕಾಲದಲ್ಲಿ 50 ಅಂತ ಇತ್ತು. ಝಡ್‌ಎಲ್1ನ ಇಡೀ ಕಥೆ ಈ 50ರ ಮೇಲೆ ನಿಂತಿದೆ. ಷೆವರ್ಲೆ ಕಮಾರೊ ಮಾಡುತ್ತಿದ್ದ ಜನರಲ್ ಮೋಟಾರ್ಸ್‌ನವರಿಗೆ ಆ ಗಾತ್ರದ ಕಾರಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ತಮ್ಮದೇ ಕಟ್ಟಳೆ ಇತ್ತು. ಆದರೆ ಪೊಲೀಸ್ ಕಾರು, ಟ್ಯಾಕ್ಸಿ, ಇಲಾಖೆಯ ವಾಹನ ಅಂತ ವಿಶೇಷ ಆರ್ಡರು ತೆಗೆದುಕೊಳ್ಳುವ ಒಂದು ಹಿಂಬಾಗಿಲು ಇತ್ತು. ಅದರ ಹೆಸರು ಕೋಪೊ, ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್. ಇಲಿನಾಯ್ಸ್‌ನ ಲಾ ಹಾರ್ಪ್ ಅನ್ನುವ ಸಣ್ಣ ಊರಿನ ಡೀಲರ್ ಫ್ರೆಡ್ ಗಿಬ್ ಆ ಬಾಗಿಲಿನಿಂದ ಒಂದೇ ಸಲಕ್ಕೆ 50 ಕಮಾರೊ ಆರ್ಡರ್ ಮಾಡಿದರು. ಎಲ್ಲದಕ್ಕೂ ಝಡ್‌ಎಲ್1 ಅನ್ನುವ 427 ಘನ ಇಂಚಿನ ಅಲ್ಯೂಮಿನಿಯಂ ಎಂಜಿನ್. ಬಿಲ್ ಬಂದಾಗ ಎಂಜಿನ್ ಆಪ್ಶನ್ನಿಗೇ 4,160 ಡಾಲರ್! ಇಡೀ ಕಾರಿನ ಮೂಲ ಬೆಲೆಯೇ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಸಣ್ಣ ಊರಿನಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ಸುಮಾರು ಗಾಡಿ ವಾಪಸ್ ಹೋಗಿ ಬೇರೆ ಡೀಲರುಗಳಿಗೆ ಹಂಚಿಕೆಯಾಯಿತು. ಬೇರೆಯವರ ಆರ್ಡರೂ ಸೇರಿ ಒಟ್ಟು 69. ಅಂದರೆ ಜನ ಕೇಳಿದರು ಅಂತ ಮಾಡಿದ ಆಪ್ಶನ್ ಅಲ್ಲ ಅದು, ನಿಯಮಕ್ಕೆ 50 ಬೇಕು ಅಂತ ಮಾಡಿದ ಆಪ್ಶನ್. ಆದರೂ ಕಾರ್ಖಾನೆಯ ಗೇಟು ದಾಟಿದಾಗ ಎಂಜಿನ್ ಒಳಗೇ ಇತ್ತು. ಅಲ್ಲಿಗೆ ನಿಯಮ ಪಾಸು.

ಇದರ ಪಕ್ಕ ಯೆಂಕೊ ಷೆವರ್ಲೆಯವರ ಕಾರು ಇಟ್ಟು ನೋಡಿ. ಡಾನ್ ಯೆಂಕೊ ಪೆನ್ಸಿಲ್ವೇನಿಯಾದ ಡೀಲರ್. 1967ರಲ್ಲಿ ಅವರ ಗ್ಯಾರೇಜಿನಲ್ಲೇ ಕಮಾರೊದ 396 ಎಂಜಿನ್ ಇಳಿಸಿ 427 ಕೂರಿಸಿ ಮಾರುತ್ತಿದ್ದರು. 1969ಕ್ಕೆ ಬಂದಾಗ ಅದೇ ಕೋಪೊ ಬಾಗಿಲಿನಿಂದ ಕಾರ್ಖಾನೆಯಲ್ಲೇ 427 ಹಾಕಿಸಿ ತರಿಸಿದರು. ಡೀಲರ್ ಅವರೇ, ಕಾರು ಅದೇ, ಎಂಜಿನಿನ ಅಳತೆಯೂ ಅದೇ. ಸ್ಟಾಕ್ ಕ್ಲಾಸಿನ ತರ್ಕದಲ್ಲಿ ಮೊದಲನೆಯದು ಡೀಲರ್ ಫಿಟ್ಟಿಂಗ್, ಎರಡನೆಯದು ಕಾರ್ಖಾನೆ ಫಿಟ್ಟಿಂಗ್. ನಟ್ಟು ಬಿಗಿದ ಕೈ ಯಾರದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹುಚ್ಚು ಅನ್ನಿಸಬಹುದು. ಆದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ, ಕಾರ್ಖಾನೆಯ ಗೇಟಿಗಿಂತ ಸ್ಪಷ್ಟ ಗೆರೆ ನನಗಂತೂ ಕಾಣುವುದಿಲ್ಲ.

ಇನ್ನು ಚಕ್ರ ಎತ್ತುವ ವಿಷಯ. ಅಲ್ಲಿ ಸ್ಟಾಕ್ ಅಂದರೆ ಶೋರೂಮಿನ ಹಾಗೆಯೇ ಅಂತಲ್ಲ. ಸ್ಲಿಕ್ ಟೈರಿಗೆ (ಗೆರೆ ಇಲ್ಲದ ನುಣುಪು ಟೈರು) ಅನುಮತಿ ಉಂಟು, ಹೆಡರ್‌ಗೆ (ಎಂಜಿನ್ನಿನ ಹೊಗೆ ಸಲೀಸಾಗಿ ಹೊರಹೋಗುವ ಕೊಳವೆ) ಉಂಟು. ಕ್ಯಾಮ್‌ಶಾಫ್ಟ್, ಅಂದರೆ ವಾಲ್ವು ತೆರೆಯುವ ದಂಡ, ಅದರ ನಿಯಮ ಕೇಳಿದರೆ ನಗು ಬರುತ್ತದೆ: ವಾಲ್ವು ಎಷ್ಟು ಎತ್ತರ ಏಳುತ್ತದೆ ಅನ್ನುವುದು ಕಂಪನಿ ಅಳತೆ ದಾಟಬಾರದು, ಆದರೆ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ನಿಮ್ಮ ಇಷ್ಟ. ಅಷ್ಟು ಸಂದಿನಲ್ಲೇ ಕ್ಯಾಮ್ ಅರೆಯುವವರು ಬಂಗಾರ ತೆಗೆಯುತ್ತಾರೆ.

ಗೆದ್ದ ಮೇಲೆ ಎಂಜಿನ್ ಬಿಚ್ಚಿಸುತ್ತಾರೆ. ನೋಡಲಿಕ್ಕೆ ಚಂದ ಅದು. ವಾಲ್ವಿನ ತುದಿಗೆ ಡಯಲ್ ಗೇಜ್ ಮುಟ್ಟಿಸಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾರೆ. ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಓಡಿಸಿದವನೂ ನೋಡುತ್ತಾ ನಿಂತಿರುತ್ತಾನೆ. ಹೆಡ್ ಬಿಚ್ಚಿ ಮಗುಚಿ ಹಾಕಿ, ಅಂಚಿಗೆ ಗ್ರೀಸ್ ಸವರಿ, ತೂತು ಇರುವ ಪಾರದರ್ಶಕ ಹಲಗೆ ಮುಚ್ಚಿ, ಬ್ಯುರೆಟ್ಟಿನಿಂದ ಬಣ್ಣದ ದ್ರವ ಹನಿ ಹನಿ ಬಿಡುತ್ತಾರೆ. ಗುಳ್ಳೆ ಹೋಗಿ ತುಂಬಿದಾಗ ಎಷ್ಟು ಸಿಸಿ ಹಿಡಿಯಿತು ಅಂತ ಓದುತ್ತಾರೆ. ಪಟ್ಟಿಯಲ್ಲಿ ಬರೆದ ಕನಿಷ್ಠಕ್ಕಿಂತ ಕಡಿಮೆ ಬಂದರೆ ಹೆಡ್ಡನ್ನು ಅತಿಯಾಗಿ ಸವೆಸಿದ್ದಾರೆ, ಕಂಪ್ರೆಶನ್ ಏರಿಸಿದ್ದಾರೆ ಅಂತ ಅರ್ಥ. ಅಲ್ಲಿ ವಾದ ಇಲ್ಲ, ಗೆಳೆತನ ಇಲ್ಲ. ಪೈವಳಿಕೆಯ ಕಂಬಳದಲ್ಲಿ ಕೋಣ ಕಿರಿಯ ವಿಭಾಗದ್ದೋ ಹಿರಿಯದ್ದೋ ಅಂತ ಹಲ್ಲು ನೋಡಿ ಹೇಳುತ್ತಾರಲ್ಲ, ಯಜಮಾನರನ್ನು ಕೇಳಿ ಅಲ್ಲ, ಹಾಗೆ.

ಪ್ರಶ್ನೆ: ಸ್ಟಾಕ್ ರೇಸಿನಲ್ಲಿ ನಿಧಾನದ ಗಾಡಿಯನ್ನು ಮೊದಲು ಬಿಡುತ್ತಾರೆ, ವೇಗದ್ದನ್ನು ಆಮೇಲೆ. ತಾನು ಹೇಳಿದ ಸಮಯಕ್ಕಿಂತ ಬೇಗ ಓಡಿದರೆ ಸೋಲು. ಹಾಗಿದ್ದ ಮೇಲೆ ಯಾವ ಎಂಜಿನ್ ಇದ್ದರೆ ಎಂತ? ಆಪ್ಶನ್ ಬಗ್ಗೆ ಜಗಳ ಸುಮ್ನೆ ಅಲ್ವಾ? — ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ಬೇರೆ ಬೇರೆ ಕ್ಲಾಸಿನ ಗಾಡಿ ಎದುರಾದಾಗ ನೀನು ಹೇಳಿದ್ದು ಸರಿ. ತಾನೇ ಮೊದಲು ಹೇಳಿದ ಆ ಸಮಯಕ್ಕೆ ಡಯಲ್-ಇನ್ ಅಂತಾರೆ. ಆದರೆ ಒಂದೇ ಕ್ಲಾಸಿನ ಎರಡು ಗಾಡಿ ಎದುರಾದರೆ ರಿಯಾಯಿತಿ ಇಲ್ಲ. ಇಬ್ಬರಿಗೂ ಒಟ್ಟಿಗೆ ಹಸಿರು ದೀಪ, ಯಾರು ಮೊದಲು ಮುಟ್ಟುತ್ತಾರೋ ಅವರದ್ದು. ಬೇಗ ಓಡಿದರೆ ಸೋಲು ಅನ್ನುವುದೂ ಆಗ ಇಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಯು.ಎಸ್. ನ್ಯಾಷನಲ್ಸ್ ನಡೆಯುವಾಗ ಕ್ಲಾಸ್ ಗೆಲ್ಲುವುದಕ್ಕೇ ಅಂತ ಜನ ವರ್ಷಗಟ್ಟಲೆ ಗಾಡಿ ಕಟ್ಟುತ್ತಾರೆ. ಅಲ್ಲಿ ಒಂದು ಅಶ್ವಶಕ್ತಿಯೂ ಲೆಕ್ಕ.

ಕ್ಲಾಸು ತೀರ್ಮಾನ ಆಗುವುದು ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ. ಲೆಕ್ಕಕ್ಕೆ ಅಂತ 3,400 ಪೌಂಡಿನ ಒಂದು ಕಾರು ತೆಗೆದುಕೋ. ಎಂಜಿನ್ 335 ಅಂತ ಬರೆದರೆ ಭಾಗಲಬ್ಧ 10.15 ಬರುತ್ತದೆ. 360 ಅಂತ ಬರೆದರೆ 9.44. ಕಾರು ಒಂದೇ, ಕಾಗದದ ಮೇಲಿನ ಸಂಖ್ಯೆ ಬದಲಾದರೆ ಕ್ಲಾಸೇ ಬದಲು, ಎದುರಾಳಿಗಳೂ ಬದಲು.

ಹಾಗಾಗಿ ಕಂಪನಿಯವರೂ ಆಟ ಆಡಿದರು. 1968ರಲ್ಲಿ ಫೋರ್ಡ್‌ನವರು ಮಸ್ಟ್ಯಾಂಗಿಗೆ 428 ಕೋಬ್ರಾ ಜೆಟ್ ಎಂಜಿನ್ ಹಾಕಿ 335 ಅಶ್ವಶಕ್ತಿ ಅಂತ ಬರೆದರು. ಅಷ್ಟು ದೊಡ್ಡ ಎಂಜಿನ್ನಿಗೆ ಅಷ್ಟೇನಾ ಅಂತ ಸಣ್ಣ ಮಗುವೂ ಕೇಳುತ್ತದೆ! ಆ ವರ್ಷ ಕ್ಯಾಲಿಫೋರ್ನಿಯಾದ ಪೊಮೋನಾದ ವಿಂಟರ್‌ನ್ಯಾಷನಲ್ಸ್ ರೇಸಿನಲ್ಲಿ ಆಲ್ ಜೋನಿಯೆಕ್ ಕೋಬ್ರಾ ಜೆಟ್ ಮಸ್ಟ್ಯಾಂಗ್ ಓಡಿಸಿ ಸೂಪರ್ ಸ್ಟಾಕ್ (ಸ್ಟಾಕಿಗಿಂತ ಹೆಚ್ಚು ಬದಲಾವಣೆಗೆ ಅವಕಾಶ ಇರುವ ವಿಭಾಗ) ಗೆದ್ದರು. ಎನ್‌ಎಚ್‌ಆರ್‌ಎಯವರು ಕಂಪನಿಯ ಸಂಖ್ಯೆ ನಂಬಿ ಕೂರಲಿಲ್ಲ, ತಮ್ಮ ಪಟ್ಟಿಯಲ್ಲಿ ಅದನ್ನು ಏರಿಸಿದರು. ಈಗ ಆ ಕೆಲಸಕ್ಕೆ ಒಂದು ಸ್ವಯಂಚಾಲಿತ ವ್ಯವಸ್ಥೆಯೇ ಉಂಟು. ಯಾವ ಎಂಜಿನ್-ಕಾರಿನ ಜೋಡಿ ತನ್ನ ಕ್ಲಾಸಿಗೆ ನಿಗದಿಯಾದ ಸಮಯಕ್ಕಿಂತ ತುಂಬಾ ಬೇಗ ಓಡುತ್ತದೋ ಅದರ ಅಶ್ವಶಕ್ತಿಯನ್ನು ಪಟ್ಟಿಯಲ್ಲಿ ಏರಿಸುತ್ತಾರೆ. ಒಬ್ಬ ಜೋರಾಗಿ ಓಡಿಸಿದರೆ ಆ ಜೋಡಿ ಇಟ್ಟುಕೊಂಡ ಎಲ್ಲರಿಗೂ ಪೆಟ್ಟು. ಅದಕ್ಕೇ ಎಷ್ಟೋ ಜನ ಗೆರೆ ಮುಟ್ಟುವ ಮೊದಲೇ ಆಕ್ಸಿಲರೇಟರ್ ಬಿಡುತ್ತಾರೆ, ತಮ್ಮ ನಿಜವಾದ ವೇಗ ಪಟ್ಟಿ ಬರೆಯುವವರ ಕಣ್ಣಿಗೆ ಬೀಳದಿರಲಿ ಅಂತ. ನೀನು ವಿಡಿಯೋದಲ್ಲಿ ನೋಡುವಾಗ ಕೊನೆಯ ಭಾಗದಲ್ಲಿ ಶಬ್ದ ಇಳಿಯುವುದನ್ನು ಗಮನಿಸು, ಗೊತ್ತಾಗುತ್ತದೆ.

ನನಗೆ ಕೇಳಿದರೆ ಈ ದಾರಿ ಸರಿ. ಕಂಪನಿ ಸುಳ್ಳು ಹೇಳಿತಾ ಇಲ್ಲವಾ ಅಂತ ಐವತ್ತು ವರ್ಷ ಜಗಳ ಮಾಡುವ ಬದಲು ಗಡಿಯಾರ ನೋಡುವುದು.

ಪ್ರಶ್ನೆ: ದುಬೈಯಲ್ಲಿರುವ ಅಣ್ಣನಿಗೆ ಹಳೇ ಅಮೆರಿಕನ್ ಕಾರಿನ ಹುಚ್ಚು. ಒಬ್ಬರು 1969ರ ಕಮಾರೊ ತೋರಿಸಿ ‘ಒರಿಜಿನಲ್ ಝಡ್‌ಎಲ್1’ ಅಂತ ಹೇಳುತ್ತಿದ್ದಾರಂತೆ. ಚಾಸಿ ನಂಬರಿನಲ್ಲಿ ಗೊತ್ತಾಗುವುದಿಲ್ಲವಾ? — ಓದುಗಿ, ಉಪ್ಪಳ

ಉತ್ತರ: ಗೊತ್ತಾಗುವುದಿಲ್ಲ ಅಕ್ಕಾ, ಅದೇ ತೊಂದರೆ. ಆ ವರ್ಷದ ಷೆವರ್ಲೆ ನಂಬರ್ ನೋಡಿದರೆ ಕಾರು ಆರು ಸಿಲಿಂಡರಿನದ್ದೋ ವಿ8 ಇದ್ದದ್ದೋ ಅಂತ ಮಾತ್ರ ತಿಳಿಯುತ್ತದೆ, ಯಾವ ವಿ8 ಅಂತ ಇಲ್ಲ. ಎಂಜಿನ್ನಿಗೇ ಒಂದು ಅಕ್ಷರ ಬಂದದ್ದು 1972ರಿಂದ. ಫೋರ್ಡಿನಲ್ಲಿ ಹಾಗಲ್ಲ, ಅವರ ನಂಬರಿನ ಐದನೇ ಅಕ್ಷರವೇ ಎಂಜಿನ್ ಹೇಳುತ್ತದೆ. ಆದರೆ ಒಂದು ಸಣ್ಣ ಪರೀಕ್ಷೆ ಉಂಟು. ಝಡ್‌ಎಲ್1 ಎಲ್ಲ ತಯಾರಾದದ್ದು ಒಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ. ನಂಬರಿನಲ್ಲಿ ಕಾರ್ಖಾನೆ ಸೂಚಿಸುವ ಅಕ್ಷರ ಎನ್ ಬದಲು ಎಲ್ ಇದ್ದರೆ ಅದು ಲಾಸ್ ಏಂಜಲೀಸ್‌ನದ್ದು, ಅಲ್ಲಿಗೇ ಮಾತು ಮುಗಿಸಿ ಬರಲಿ. ಎನ್ ಇದ್ದರೂ ಖುಷಿ ಪಡುವುದು ಬೇಡ, ಸಾಮಾನ್ಯ ಕಮಾರೊಗಳಿಗೂ ಎನ್ ಇತ್ತು. ಬೇಕಾದ್ದು ಕಾಗದ: ಕಾರ್ಖಾನೆಯ ಬಿಲ್ಡ್ ಶೀಟ್, ಡೀಲರ್ ಇನ್‌ವಾಯ್ಸ್, ಕಿಟಕಿಗೆ ಅಂಟಿಸುತ್ತಿದ್ದ ಬೆಲೆ ಚೀಟಿ. ಬಿಲ್ಡ್ ಶೀಟು ಕೆಲವೊಮ್ಮೆ ಸೀಟಿನ ಸ್ಪ್ರಿಂಗಿನ ಒಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿಕೊಂಡು ಉಳಿದಿರುತ್ತದೆ. ಎಂಜಿನ್ ಮೇಲಿನ ಮುದ್ರೆಯನ್ನು ಮಾತ್ರ ನಂಬುವುದು ಬೇಡ, ಅರೆದು ಹೊಸದಾಗಿ ಒತ್ತುವವರು ಬೇಕಾದಷ್ಟು ಜನ ಇದ್ದಾರೆ.

ಅಂದ ಹಾಗೆ, ರೇಸಿಗೆ ಮಾತ್ರ ಬೇಕಾದರೆ ಒರಿಜಿನಲ್ ಬೇಕಂತಲೇ ಇಲ್ಲ. ಎನ್‌ಎಚ್‌ಆರ್‌ಎ ಸ್ಟಾಕಿನಲ್ಲಿ ಎಂಜಿನ್ ನಂಬರ್ ಕಾರಿನ ನಂಬರಿಗೆ ಹೊಂದಬೇಕಿಲ್ಲ. ಆರು ಸಿಲಿಂಡರಿನ ಕಮಾರೊ ತಂದು ಪಟ್ಟಿಯಲ್ಲಿ ಇರುವ ಬೇರೆ ಜೋಡಿಯ ಹಾಗೆ ಪೂರ್ತಿ ಕಟ್ಟಿದರೂ ಸರಿ. ಅಲ್ಲಿ ನೋಡುವುದು ಮಾಡೆಲನ್ನು, ಆ ಒಂದು ಕಾರಿನ ಜಾತಕವನ್ನಲ್ಲ. ಬದಿಯಡ್ಕದವರು ಇದನ್ನು ಓದಿಕೊಳ್ಳಲಿ.

ಪ್ರಶ್ನೆ: ಈಚೆಗೆ ಬಂದ ಕೋಬ್ರಾ ಜೆಟ್, ಕೋಪೊ ಕಮಾರೊ ರಸ್ತೆಗೆ ಇಳಿಸುವ ಹಾಗೇ ಇಲ್ಲವಂತೆ. ಮತ್ತೆ ಸ್ಟಾಕ್ ಹೇಗೆ? — ಓದುಗ, ಪೆರ್ಲ

ಉತ್ತರ: 2008ರ ಕೋಬ್ರಾ ಜೆಟ್ ಮಸ್ಟ್ಯಾಂಗ್ 50 ಮಾಡಿದರು, 2012ರ ಕೋಪೊ ಕಮಾರೊ 69. ಹಳೇ ಕಥೆಯ ಸಂಖ್ಯೆಗಳನ್ನೇ ಇಟ್ಟದ್ದು ಗಮನಿಸಿದಿರಾ! ಇವು ಕಾರ್ಖಾನೆಯಿಂದಲೇ ರೇಸಿಗೆ ಅಂತ ಬಂದ ಗಾಡಿ, ರಿಜಿಸ್ಟ್ರೇಶನ್ ಆಗುವುದಿಲ್ಲ. ಹಳೇ ಗಾಡಿ ಕಟ್ಟಿಕೊಂಡು ಬರುವವರಿಗೆ ಇದರ ಮೇಲೆ ಕೋಪ ಉಂಟು, ನನಗೂ ಸ್ವಲ್ಪ ಉಂಟು. ರಸ್ತೆಯಲ್ಲಿ ಓಡದ್ದಕ್ಕೆ ಸ್ಟಾಕ್ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಆದರೆ 1968ರಲ್ಲಿ ಡಾಡ್ಜ್ ಕಂಪನಿ ಮಾರಿದ ಹೆಮಿ ಡಾರ್ಟ್ ಕಾರಿಗೂ ವಾರಂಟಿ ಇರಲಿಲ್ಲ, ಅದೂ ರೇಸಿಗೆ ಅಂತಲೇ ಬಂದದ್ದು. ಹಾಗಾಗಿ ಇದು ಹೊಸ ಪಾಪ ಏನಲ್ಲ.

ಪ್ರಶ್ನೆ: ತಲಪಾಡಿ–ಚೆಂಗಳ ಷಟ್ಪಥ ಆದ ಮೇಲೆ ಬೆಳಗಿನ ಜಾವ ಖಾಲಿ ಇರುತ್ತದೆ. ಅಲ್ಲಿ 400 ಮೀಟರ್ ಟೈಮಿಂಗ್ ನೋಡಬಹುದಾ? ಸೈಲೆನ್ಸರ್ ಬದಲಾಯಿಸಿದ ಗಾಡಿ ಇದೆ. — ಓದುಗ, ಕಾಸರಗೋಡು

ಉತ್ತರ: ಬೇಡ. ಸಾರ್ವಜನಿಕ ಜಾಗದಲ್ಲಿ ವೇಗದ ಪಂದ್ಯ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲೂ ಉಂಟು. ಸೈಲೆನ್ಸರಿಗೆ 52ನೇ ಸೆಕ್ಷನ್. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿತು, ಆ ಕೇಸು ಹೋದದ್ದೂ ಕೇರಳದಿಂದಲೇ. ಕೆಎಲ್-14 ನಂಬರಿನ ಗಾಡಿಗೆ ಇದಕ್ಕಿಂತ ಕಟ್ಟುನಿಟ್ಟಿನ ಸ್ಟಾಕ್ ಕ್ಲಾಸ್ ಇಲ್ಲ.

ಪ್ರಶ್ನೆ: ಮೇಲೆ ಯಾರಾದರೂ ನಮ್ಮ ರೇಸಿನ ಬಗ್ಗೆ ಬರೆದಿದ್ದರೆ ಆಶ್ಚರ್ಯ ಇಲ್ಲ, ಜಗಳ ಅಷ್ಟು ಆಯಿತು. ನಾನು ಸಂಘಟಕರಲ್ಲಿ ಒಬ್ಬ. ಮುಂದಿನ ಸಲ ಹೀಗಾಗದ ಹಾಗೆ ಎಂತ ಮಾಡುವುದು? — ಓದುಗ, ಮುಳ್ಳೇರಿಯ

ಉತ್ತರ: ನೋಡಿ, ನನ್ನ ಅನುಮಾನ ಸರಿಯೇ ಆಯಿತು.

ಮೊದಲು ಪಟ್ಟಿ ಮಾಡಿ. ನಿಮ್ಮಲ್ಲಿಗೆ ಬರುವ ಗಾಡಿ ಎಷ್ಟು ಥರದ್ದು ಇರಬಹುದು? ಆರ್‌ಎಕ್ಸ್ 100, ಆರ್‌ಎಕ್ಸ್ 135, ಆರ್‌ಡಿ, ಇನ್ನು ಈಗಿನ ನಾಲ್ಕೈದು. ಪ್ರತಿಯೊಂದಕ್ಕೂ ಕಾರ್ಬ್ಯುರೇಟರ್, ಗಿಯರ್ ಎಷ್ಟು, ಬ್ರೇಕು, ಸೈಲೆನ್ಸರ್ ಬರೆದು ರೇಸಿಗೆ ಒಂದು ತಿಂಗಳು ಮೊದಲೇ ಎಲ್ಲರಿಗೂ ಕೊಡಿ. ಆರ್‌ಎಕ್ಸ್ 100 ಅಂದರೆ 98 ಸಿಸಿ, ನಾಲ್ಕು ಗಿಯರ್. ಐದು ಗಿಯರಿನ ಬಾಕ್ಸು ಅದರ ಅಣ್ಣತಮ್ಮಂದಿರಿಗೆ ಕಂಪನಿಯೇ ಹಾಕಿತ್ತು, ಆದರೆ ಇದಕ್ಕೆ ಹಾಕಿರಲಿಲ್ಲ. ಇಂಥದ್ದನ್ನು ಮೊದಲೇ ಬರೆದರೆ ಆ ದಿನ ಬೆಳಿಗ್ಗೆ ಮೈದಾನದಲ್ಲಿ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ. ತಕರಾರು ಇರುವವರು ಪಟ್ಟಿಯ ಬಗ್ಗೆ ಆಗಲೇ ಹೇಳಲಿ, ಕಾಗದ ತೋರಿಸಲಿ. ಮಾಲೀಕರ ಕೈಪಿಡಿ, ಪಾರ್ಟ್ಸ್ ಕ್ಯಾಟಲಾಗ್ ನಡೆಯುತ್ತದೆ. ಹಳೇ ಜಾಹೀರಾತು ನಡೆಯುವುದಿಲ್ಲ, ಜಾಹೀರಾತಿನ ಚಿತ್ರದಲ್ಲಿ ಎಂತ ಬೇಕಾದರೂ ಹಾಕಿರುತ್ತಾರೆ. ಕ್ಯಾಟಲಾಗಿನಲ್ಲೂ ಒಂದು ಎಚ್ಚರ ಬೇಕು: ಪಾರ್ಟಿನ ನಂಬರ್ ಅದರಲ್ಲಿ ಉಂಟು ಅಂದ ಮಾತ್ರಕ್ಕೆ ಕಾರ್ಖಾನೆಯಲ್ಲಿ ಹಾಕಿದ್ದರು ಅಂತಲ್ಲ, ಕೌಂಟರಿನಲ್ಲಿ ಬಿಡಿಯಾಗಿ ಮಾರಲಿಕ್ಕೂ ಇಟ್ಟಿರಬಹುದು.

ಆಕ್ಷೇಪಕ್ಕೆ ದುಡ್ಡು ಇಡಿ. ಜಾಗತಿಕ ಮೋಟಾರ್ ರೇಸಿನ ಸಂಸ್ಥೆ ಎಫ್‌ಐಎಯ ಸಂಹಿತೆಯಲ್ಲೂ ಹಾಗೇ ಉಂಟು. ಆಕ್ಷೇಪ ಬರವಣಿಗೆಯಲ್ಲಿ, ಶುಲ್ಕದ ಜೊತೆ ಬರಬೇಕು, ಎಂಜಿನ್ ಬಿಚ್ಚಬೇಕಾದರೆ ಅದರ ಖರ್ಚಿಗೆ ಬೇರೆ ಠೇವಣಿ. ಆಕ್ಷೇಪ ನಿಜವಾದರೆ ದುಡ್ಡು ವಾಪಸ್. ಸುಮ್ನೆ ಬಾಯಿ ಮಾಡುವವರು ಅರ್ಧ ಅಲ್ಲೇ ಕಮ್ಮಿಯಾಗುತ್ತಾರೆ. ಬಿಚ್ಚಲಿಕ್ಕೆ ಮಾತ್ರ ಹೊರಗಿನ ಮೆಕ್ಯಾನಿಕ್ ಒಬ್ಬರನ್ನು ಕರೆಯಿರಿ. ಓಡಿಸಿದವರಿಗೂ ಆಕ್ಷೇಪ ಹಾಕಿದವರಿಗೂ ನೆಂಟಸ್ತಿಕೆ ಇಲ್ಲದವರು ಕಾಸರಗೋಡಿನಲ್ಲಿ ಸಿಗುವುದು ಕಷ್ಟ, ಆದರೂ ಹುಡುಕಿ.

‘ಈ ಗಾಡಿ’ಯೋ ‘ಈ ಮಾಡೆಲ್ಲೋ’ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನನ್ನ ಸಲಹೆ ಮಾಡೆಲ್. ನಿಮ್ಮಲ್ಲಿ ಓಡುವ ಹಳೇ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮೂವತ್ತು-ನಲವತ್ತು ವರ್ಷ ಆಗಿದೆ, ಬ್ಯಾರೆಲ್ ಎಷ್ಟು ಸಲ ಬದಲಾಗಿದೆಯೋ ದೇವರಿಗೇ ಗೊತ್ತು. ಈ ಗಾಡಿ ಕಾರ್ಖಾನೆಯಿಂದ ಹೇಗೆ ಬಂತು ಅಂತ ಸಾಬೀತು ಮಾಡಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಆ ಆರ್‌ಡಿಯವರಿಗೆ ಕಪ್ ಕೊಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಿಸ್ಕ್ ಕಾರಣಕ್ಕೆ ಔಟ್ ಮಾಡಿದ್ದು ಉಳಿಯಲಿ. ಎಚ್‌ಟಿ ಬ್ಯಾರೆಲ್ಲಿನ ಕಾರಣವನ್ನು ಕಡತದಿಂದ ತೆಗೆಯಿರಿ, ನೀವು ಬರೆಯದ ನಿಯಮವನ್ನು ಅವರು ಮುರಿಯಲಿಕ್ಕೆ ಆಗುವುದಿಲ್ಲವಲ್ಲ. ಎಂಟ್ರಿ ಫೀಸು ವಾಪಸ್ ಕೊಟ್ಟು ಮುಂದಿನ ಸಲ ಡ್ರಮ್ ಹಾಕಿಕೊಂಡು ಬರಲಿಕ್ಕೆ ಹೇಳಿ.